ಪತ್ರಿಕೆಯ ಒಡೆತನ ಮತ್ತು ಮಂತ್ರಿಯ ಹೊಣೆ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪತ್ರಿಕೆಯು ಪ್ರಜೆಯ ಕಣ್ಣೆಂಬ ಮಾತನ್ನು ನಾವೆಲ್ಲರೂ ಕೇಳಿರುವೆವು. ಆದರೆ ಆ ಕಣ್ಣನ್ನು ಕೊಂಡವರಾರು, ಕೊಳ್ಳಲು ಅಪ್ಪಣೆಯಿತ್ತವರಾರು ಎಂದು ವಿಚಾರಿಸುವವರು ವಿರಳ. ಪಾರ್ಲಿಮೆಂಟಿನ ಪದ್ಧತಿಯನ್ನು ನಾವು ಯಾವ ದೇಶದಿಂದ ಕಲಿತೆವೋ ಆ ಇಂಗ್ಲಂಡಿನ ಸಂಗತಿಯೊಂದನ್ನೇ ಈ ಹೊತ್ತು ವಿಚಾರಕ್ಕೆ ತೆಗೆದುಕೊಳ್ಳೋಣ.

ಲಂಡನ್ನಿನ ‘ಟೈಮ್ಸ್’ ಮತ್ತು ‘ಸಂಡೆ ಟೈಮ್ಸ್’ ಪತ್ರಿಕೆಗಳು 1980ರಲ್ಲಿ ಮಾರಾಟಕ್ಕೆ ಬಂದುವು. ಕೊಳ್ಳಲು ಮುಂದಾದವರಲ್ಲಿ ಆಸ್ಟ್ರೇಲಿಯಾದ ರೂಪರ್ಟ್ ಮರ್ಡಾಕರು ಒಬ್ಬರು. ‘ಸನ್’, ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ಬಹುಪ್ರಸಾರದ ಪತ್ರಿಕೆಗಳು ಆಗಲೇ ಅವರ ಕೈಯಲ್ಲಿದ್ದುವು. 1973ರ ಕಾನೂನಿನ ಮೇರೆಗೆ ಇಂಥ ಮಾರಾಟಕ್ಕೆ ಮಂತ್ರಿಯ ಒಪ್ಪಿಗೆ ಬೇಕಾಗಿತ್ತು. ಅದಕ್ಕೆ ಮೊದಲು ಏಕಸ್ವಾಮ್ಯ ಆಯೋಗದ ವಿಚಾರಣೆಯೂ ಆಗಬೇಕಾಗಿತ್ತು. ಪತ್ರಿಕೆಯು ತನ್ನ ಕಾಲಮೇಲೆ ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ವಿಚಾರಣೆಯನ್ನು ಬಿಡಲು ಅವಕಾಶವಿತ್ತು. ವ್ಯಾಪಾರಮಂತ್ರಿಗಳಾದ ಜಾನ್ ಬಿಫೆನ್ನರು ಈ ರಿಯಾಯಿತಿಯನ್ನು ಎರಡಕ್ಕೂ ಅನ್ವಯಿಸಿ, 1981ರ ಜನವರಿ 27ರಂದು ವಿಚಾರಣೆಯಿಲ್ಲದೆಯೇ ಒಪ್ಪಿಗೆಯನ್ನು ಸಾರಿದರು. ‘ಸಂಡೆ ಟೈಮ್ಸ್’ ಲಾಭ ತರಬಲ್ಲ ಪತ್ರಿಕೆಯೆಂದು ವಿರೋಧಿಗಳು ವಾದಿಸಿದುದು ವ್ಯರ್ಥವಾಯಿತು.

ಆ ತಿಂಗಳ 4ರಂದು ನಡೆದುದು ಅಂದು ಯಾರಿಗೂ ತಿಳಿದಿರಲಿಲ್ಲ. ಪ್ರಧಾನಮಂತ್ರಿ ಮಾರ್ಗರೆಟ್ ಥ್ಯಾಚರರ ಗ್ರಾಮನಿವಾಸವಾದ ಚೆಕರ್ಸಿನಲ್ಲಿ ಮರ್ಡಾಕರು ಊಟ ಮಾಡಿ, ತಮ್ಮ ಖರೀದಿಯ ವಿಚಾರವನ್ನು ಅರುಹಿದ್ದರು. ಕಾರ್ಯದರ್ಶಿಯು ಬರೆದಿಟ್ಟ ಟಿಪ್ಪಣಿಯು ಪ್ರಧಾನಿಯ ಕಚೇರಿಯನ್ನು ದಾಟಲಿಲ್ಲ. ಅದು ಬೆಳಕಿಗೆ ಬಂದುದು 2012ರಲ್ಲಿ, 31 ವರ್ಷಗಳ ತರುವಾಯ!

ನ್ಯಾಯವಾಗಿ ನುಡಿಯೋಣ. ‘ಟೈಮ್ಸ್’ ನಷ್ಟದಲ್ಲಿದ್ದುದು ನಿಜ. ಮುಚ್ಚಿಹೋಗುವ ಭಯವೂ ಇತ್ತು. ಟಿಪ್ಪಣಿಯಲ್ಲಿ ಯಾವ ವಾಗ್ದಾನವೂ ಇಲ್ಲ. ಆದರೆ ತೀರ್ಪುಗಾರನು ಒಬ್ಬ ಕಕ್ಷಿಗಾರನೊಡನೆ ಗುಟ್ಟಾಗಿ ಉಂಡರೆ, ತೀರ್ಪು ಸರಿಯಾಗಿದ್ದರೂ ಊರು ನಂಬುವುದೆಂತು? ಇಲ್ಲಿ ದೋಷವು ಊಟದಲ್ಲಿಲ್ಲ, ಮರೆಯಲ್ಲಿದೆ. ಪಾರ್ಲಿಮೆಂಟು ಅಂದೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೊನೆಗೆ ಇತಿಹಾಸಕಾರರು ಕೇಳಬೇಕಾಯಿತು; ಅಷ್ಟರಲ್ಲಿ ಉತ್ತರ ಕೊಡಬೇಕಾದ ಮಂತ್ರಿಗಳೇ ತೀರಿಹೋಗಿದ್ದರು.

ಅದೇ ಒಡೆಯರ ಕಂಪನಿಯು 2010ರಲ್ಲಿ ‘ಬಿಸ್ಕೈಬಿ’ ದೂರದರ್ಶನ ಸಂಸ್ಥೆಯನ್ನು ಪೂರ್ಣವಾಗಿ ಕೊಳ್ಳಹೊರಟಿತು. ನಿರ್ಣಯವು ಮತ್ತೆ ಮಂತ್ರಿಯ ಕೈಯಲ್ಲಿತ್ತು. ಕೊಲೆಯಾದ ಬಾಲಿಕೆಯೊಬ್ಬಳ ಫೋನಿನ ಸಂದೇಶಗಳನ್ನು ಅವರ ಪತ್ರಿಕೆಯವರು ಕದ್ದು ಕೇಳಿದ ಸುದ್ದಿ 2011ರ ಜುಲೈಯಲ್ಲಿ ಸಿಡಿದು ಜನ ಕೆರಳಿದಾಗ, ಖರೀದಿಯ ಮಾತೇ ಬಿದ್ದುಹೋಯಿತು. ಪತ್ರಿಕೆಗಳ ಒಡೆಯರೊಡನೆ ಮಂತ್ರಿಗಳು ನಡೆಸಿದ ಭೇಟಿಗಳನ್ನು ಪ್ರಕಟಿಸಬೇಕೆಂಬ ಕಟ್ಟಳೆ ಆಗ ಬಂದಿತು. ಒಂದು ಸಾಲಿನ ಈ ಕಟ್ಟಳೆ ಮೂವತ್ತು ವರ್ಷ ಮೊದಲೇ ಇದ್ದಿದ್ದರೆ!

ಕನ್ನಡನಾಡು ಒಂದಾದ 1956ರಲ್ಲಿಯೇ, ಪ್ರತಿಯೊಂದು ಪತ್ರಿಕೆಯೂ ತನ್ನ ಒಡೆತನದ ವಿವರವನ್ನು ವರ್ಷಕ್ಕೊಮ್ಮೆ ಅಚ್ಚುಹಾಕಬೇಕೆಂಬ ನಿಯಮ ನಮ್ಮ ದೇಶದಲ್ಲಿ ಹುಟ್ಟಿತು. ಅದು ಒಳ್ಳೆಯ ಕೆಲಸವೇ. ಆದರೆ ಒಡೆಯನ ಹೆಸರು ತಿಳಿದರೆ ಸಾಲದು. ಆ ಒಡೆಯನು ಯಾವ ಮಂತ್ರಿಯ ಬಾಗಿಲನ್ನು ಯಾವಾಗ ತಟ್ಟಿದನೆಂಬುದೂ ತಿಳಿಯಬೇಕು. ನಾಡನ್ನು ಕೂಡಿಸಲು ಹಿರಿಯರು ಪತ್ರಿಕೆಗಳನ್ನೇ ನೆಚ್ಚಿದರು. ಆ ನೆಚ್ಚಿಕೆ ಉಳಿಯಬೇಕಾದರೆ ನಾವು ಸುದ್ದಿಯನ್ನು ಓದುವಂತೆಯೇ ಸುದ್ದಿಯ ಒಡೆತನವನ್ನೂ ಓದಬೇಕು, ಮಕ್ಕಳಿಗೂ ಓದಿಸಬೇಕು. ಕೇಳುವ ಪ್ರಜೆಯಿದ್ದಲ್ಲಿ ಮಾತ್ರ ಮಂತ್ರಿಯು ಹೊಣೆಗಾರನಾಗಿರುವನು.