ಎಡಗೈ ತೋರುಬೆರಳು

ಬೆಳಗಿನ ಮೊದಲ ಬಸ್ಸಿಗೆ ಹೆತ್ತೂರು, ಯಸಳೂರು, ಹಾನುಬಾಳು, ಕೆ. ಹೊಸಕೋಟೆ ಕಡೆಯಿಂದ ಹೊರಟು ಬಂದು ಹಿಂದಿನ ಸಾಲುಗಳಲ್ಲಿ ಕೂತಿರುವ ತಂದೆ ತಾಯಂದಿರೇ, ಇವತ್ತು ಪದವಿ ಪಡೆಯುತ್ತಿರುವ ಮಕ್ಕಳೇ,

ನನ್ನನ್ನು ಕರೆಯಲು ಬಂದಾಗ ಪ್ರಾಂಶುಪಾಲರು, ‘ಅಮೆರಿಕದ ಅನುಭವ ಹೇಳಿ ಮೇಡಂ, ಹುಡುಗರಿಗೆ ಉತ್ಸಾಹ ಬರುತ್ತದೆ’ ಎಂದಿದ್ದರು. 1995ರಿಂದ 2011ರವರೆಗೆ ಹದಿನಾರು ವರ್ಷ ನಾನು ಅಲ್ಲಿದ್ದೆ. ಆ ಅನುಭವವನ್ನೇ ಹೇಳುತ್ತೇನೆ. ಆದರೆ ಸಂಬಳದ್ದಲ್ಲ, ಲ್ಯಾಬಿನದ್ದಲ್ಲ, ಹಿಮದ್ದೂ ಅಲ್ಲ. ಅಷ್ಟು ವರ್ಷವೂ ಅಲ್ಲಿ ನನ್ನ ಬಳಿ ಇಲ್ಲದೇ ಇದ್ದ ಒಂದರ ಬಗ್ಗೆ ಹೇಳಬೇಕಾಗಿದೆ.

ನಮ್ಮ ಮನೆಯವರಿಗೆ ಅಮೆರಿಕ ಮೊದಲು ಕಂಡದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಣ್ಣಿನಿಂದ. ಹೇಮಾವತಿ ದಂಡೆಯ ಆ ಹಿರಿಯರು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿದ್ದ ಪ್ರತಿಗೆ ಮಳೆಗಾಲದ ಥಂಡಿಯಿಂದ ಬೂಷ್ಟು ಹಿಡಿದಿದ್ದರೂ ಅಪ್ಪ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮತ್ತೆ ಮತ್ತೆ ಓದುತ್ತಿದ್ದರು. ಗೊರೂರರು ನೋಡಿಬರಲು ಹೋದವರು. ನಾನು ಇರಲು ಹೋದವಳು. ಎಷ್ಟೋ ಸಂಗತಿ ನೋಡಿಬರುವವರ ಕಣ್ಣಿಗೆ ಬೀಳುವುದಿಲ್ಲ, ಅಲ್ಲೇ ಉಳಿದವರಿಗೆ ದಿನವೂ ಚುಚ್ಚುತ್ತದೆ.

ನಾನು ಮೊದಲು ಮತ ಹಾಕಿದ್ದು 1989ರ ನವೆಂಬರಿನಲ್ಲಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಅದೇ ವರ್ಷದ ಮಾರ್ಚಿನಲ್ಲಿ. ನನಗೆ ಆಗ ಇಪ್ಪತ್ತು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ನಾವು ನಮ್ಮ ತೋಟದ ಜೀಪಿನಲ್ಲಿ ಹೋದೆವು, ತೋಟದ ಲೈನ್ ಮನೆಗಳಲ್ಲಿದ್ದ ಕೂಲಿಯವರು ಹಿಂದಿನಿಂದ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬಂದರು. ಹೊರಡುವ ಮೊದಲು ನಮ್ಮ ರೈಟರು ಕಣದಲ್ಲಿ ನಿಂತು, ಯಾವ ಗುರುತಿಗೆ ಮುದ್ರೆ ಒತ್ತಬೇಕೆಂದು ಅವರಿಗೆಲ್ಲ ಎರಡೆರಡು ಸಲ ಹೇಳಿಕೊಟ್ಟರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅದು ತಪ್ಪು ಎಂದು ಅವತ್ತು ನನಗೆ ಹೊಳೆಯಲೇ ಇಲ್ಲ. ಅವರ ಮತವೂ ತೋಟದ ಕೆಲಸಗಳಲ್ಲಿ ಒಂದು ಎಂದೇ ನಾನೂ ತಿಳಿದಿದ್ದೆ. ಇವತ್ತು ಇಲ್ಲಿ ಕೂತಿರುವವರಲ್ಲಿ ಆ ಟ್ರೈಲರಿನಲ್ಲಿ ಬಂದವರ ಮೊಮ್ಮಕ್ಕಳೂ ಇರಬಹುದು. ಅವರ ಎದುರು ಇದನ್ನು ಮೊದಲು ಒಪ್ಪಿಕೊಳ್ಳದೆ ಬೇರೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

1996ರ ಜೂನ್ 1ರಂದು ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದಾಗ ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೆ. ಹಾಸನದವರು ಪ್ರಧಾನಿ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಆ ವರ್ಷದ ಲೋಕಸಭೆಗೆ ಮತ ಹಾಕಿದ್ದೆಯಾ ಎಂದು ಒಬ್ಬರು ಕೇಳಿದರು. ಹಾಕಿರಲಿಲ್ಲ, ಹಾಕುವಂತೆಯೂ ಇರಲಿಲ್ಲ. ನವೆಂಬರಿನಲ್ಲಿ ಅವರದೇ ಅಧ್ಯಕ್ಷರ ಚುನಾವಣೆ ಬಂತು. ಅಲ್ಲಿ ನವೆಂಬರಿನ ಮೊದಲ ಸೋಮವಾರ ಕಳೆದ ಮರುದಿನ ಮತದಾನ, 1845ರ ಕಾನೂನು. ದೇಶಕ್ಕೆಲ್ಲ ರಜೆ ಎಂಬುದಿಲ್ಲ. ಸಹೋದ್ಯೋಗಿಗಳು ನಸುಕಿನಲ್ಲೇ ಮತ ಹಾಕಿ ಕೆಲಸಕ್ಕೆ ಬಂದರು. ನಾನು ಎಂದಿನ ಹಾಗೆ ಬಂದೆ. ತೆರಿಗೆ ನನ್ನ ಸಂಬಳದಿಂದಲೂ ಹೋಗುತ್ತಿತ್ತು, ಅವರ ಸಂಬಳದಿಂದಲೂ ಹೋಗುತ್ತಿತ್ತು. 2000ದಲ್ಲಿ ಫ್ಲಾರಿಡಾದ 537 ಮತಗಳ ಮೇಲೆ ಇಡೀ ದೇಶದ ಭವಿಷ್ಯ ತೂಗಿದಾಗಲೂ ನಾನು ಟಿವಿ ನೋಡುವವಳು ಮಾತ್ರ. ಲೆಕ್ಕ ಹಾಕಿದ್ದೇನೆ: ಹದಿನಾರು ವರ್ಷದಲ್ಲಿ ಇಲ್ಲಿ ಐದು ಲೋಕಸಭೆ ಚುನಾವಣೆ, ಅಲ್ಲಿ ನಾಲ್ಕು ಅಧ್ಯಕ್ಷರ ಚುನಾವಣೆ. ಒಂಬತ್ತರಲ್ಲೂ ನಾನಿಲ್ಲ.

ಮತ ಇಲ್ಲದವರಿಗೆ ಆಗುವ ನಷ್ಟ ಚುನಾವಣೆಯ ದಿನದ್ದು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. 2001ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು, ಹಾಗಲ್ಲ ಎಂದು. ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ನಾಲ್ಕನೇ ದಿನ ಅರಿಜೋನದಲ್ಲಿ ಬಲಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರದೇ ಪೆಟ್ರೋಲ್ ಬಂಕಿನ ಮುಂದೆ ಒಬ್ಬ ಗುಂಡಿಕ್ಕಿ ಕೊಂದ. ಪೇಟ, ಗಡ್ಡ ಕಂಡು ಮುಸ್ಲಿಂ ಅಂದುಕೊಂಡಿದ್ದ. ಅದಾದ ವಾರದಲ್ಲೇ ಬಸ್ ಸ್ಟಾಪಿನಲ್ಲಿ ಒಬ್ಬ ನನ್ನ ಹತ್ತಿರ ಬಂದು, ನಿನ್ನ ದೇಶಕ್ಕೆ ಹೋಗು ಎಂದು ಕೂಗಿದ. ಚೂಡಿದಾರ ಹಾಕಿದ್ದೆ. ನನ್ನ ಬಾಯಿಂದ ಬಂದ ಮೊದಲ ಮಾತು: ‘ನಾನು ಮುಸ್ಲಿಂ ಅಲ್ಲ, ಹಿಂದೂ.’

ಆ ಮಾತನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡು ತಿರುಗಿದ್ದೇನೆ. ಅದರ ಅರ್ಥ ಏನು? ಮುಸ್ಲಿಂ ಆಗಿದ್ದರೆ ನೀನು ಬೈದದ್ದು ಸರಿ, ನಾನು ಅವಳಲ್ಲ, ನನ್ನನ್ನು ಬಿಟ್ಟುಬಿಡು. ಅದೇ ಸ್ಟಾಪಿನಲ್ಲಿ ದಿನವೂ ನನ್ನ ಜೊತೆ ಬಸ್ಸಿಗೆ ಕಾಯುತ್ತಿದ್ದ, ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಅವತ್ತು ಎರಡು ಮಾರು ದೂರದಲ್ಲಿ ನಿಂತಿದ್ದರು. ಅವರಿಗೆ ನನ್ನ ಮಾತು ಕೇಳಿಸಿತು. ಮರುದಿನದಿಂದ ಅವರು ಆ ಸ್ಟಾಪಿಗೆ ಬರಲಿಲ್ಲ.

ನಾನಿದ್ದ ಮನೆಗೆ ಫ್ಲಶಿಂಗಿನ ಗಣೇಶ ದೇವಸ್ಥಾನ ಹತ್ತಿರ. 1977ರ ಜುಲೈ 4ರಂದು ಅಲ್ಲಿ ಪ್ರತಿಷ್ಠೆಯಾಯಿತು. ಕೆಳಗಿನ ಕ್ಯಾಂಟೀನಿನ ದೋಸೆಗಾಗಿಯೇ ನಾನು ಎಷ್ಟೋ ಭಾನುವಾರ ಹೋಗಿದ್ದೇನೆ. ದೇವಸ್ಥಾನ ಇರುವ ಬೀದಿಯ ಹೆಸರು ಬೌನ್ ಸ್ಟ್ರೀಟ್. ಆ ಹೆಸರು ಯಾರದೆಂದು ಕೇಳಬೇಕೆನ್ನಿಸಿದ್ದು 2001 ಕಳೆದ ಮೇಲೆ.

1657ರಲ್ಲಿ ಆ ಊರು ಡಚ್ಚರ ಕೈಯಲ್ಲಿತ್ತು. ಕ್ವೇಕರ್ ಎಂಬ ಪಂಗಡದವರಿಗೆ ಯಾರೂ ಮನೆಯಲ್ಲಿ ಜಾಗ ಕೊಡಬಾರದು ಎಂದು ಗವರ್ನರ್ ಪೀಟರ್ ಸ್ಟೈವೆಸೆಂಟ್ ಅಪ್ಪಣೆ ಹೊರಡಿಸಿದ್ದ. ಡಿಸೆಂಬರ್ 27ರಂದು ಊರಿನ 30 ಮಂದಿ ಸೇರಿ, ಈ ಅಪ್ಪಣೆಯನ್ನು ನಾವು ಪಾಲಿಸಲಾರೆವು ಎಂದು ಅರ್ಜಿ ಬರೆದು ಸಹಿ ಹಾಕಿದರು. ಆ ಮೂವತ್ತರಲ್ಲಿ ಒಬ್ಬರೂ ಕ್ವೇಕರ್ ಅಲ್ಲ. ಬೇರೆಯವರ ಪ್ರಾರ್ಥನೆಗಾಗಿ ಸಹಿ ಹಾಕಿದರು. ಆ ಅರ್ಜಿಯಲ್ಲಿ ಯಹೂದಿಗಳ ಹೆಸರಿದೆ, ತುರ್ಕರ ಹೆಸರೂ ಇದೆ. ತುರ್ಕರು ಎಂದರೆ ಆ ಕಾಲದ ಮಾತಿನಲ್ಲಿ ಮುಸ್ಲಿಮರು. ಅರ್ಜಿ ತಂದವರನ್ನು ಗವರ್ನರ್ ಜೈಲಿಗೆ ಹಾಕಿದ. 1662ರಲ್ಲಿ ಕ್ವೇಕರರಿಗೆ ತನ್ನ ಮನೆಯಲ್ಲಿ ಸೇರಲು ಬಿಟ್ಟ ಜಾನ್ ಬೌನ್ ಎಂಬವನನ್ನು ಹಿಡಿದು ಹಡಗು ಹತ್ತಿಸಿ ಗಡೀಪಾರು ಮಾಡಿದ. ಬೌನ್ ಹಾಲೆಂಡಿಗೆ ಹೋಗಿ, ಆ ಊರನ್ನು ಆಳುತ್ತಿದ್ದ ಡಚ್ ಕಂಪನಿಯ ದೊಡ್ಡವರ ಮುಂದೆ ವಾದಿಸಿ ಗೆದ್ದ. ಅವರವರ ದೇವರ ಪಾಡಿಗೆ ಜನರನ್ನು ಬಿಡು ಎಂದು 1663ರಲ್ಲಿ ಗವರ್ನರನಿಗೇ ಬುದ್ಧಿವಾದದ ಪತ್ರ ಬಂತು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ, ಯಾರ ಆಚರಣೆಗೂ ಅಡ್ಡ ಬರುವಂತಿಲ್ಲ ಎಂಬ ಮಾತು ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿಯಾಗಿ ಸೇರಿದ್ದು 1791ರಲ್ಲಿ, ಅಂದರೆ ಸುಮಾರು 130 ವರ್ಷದ ನಂತರ.

ನಮ್ಮ ಗಣಪನಿಗೆ ಆ ಬೀದಿಯಲ್ಲಿ ಜಾಗ ಸಿಕ್ಕದ್ದು ಆ 30 ಸಹಿಗಳ ಋಣದಿಂದ ಎಂದು ನಾನು ನಂಬಿದ್ದೇನೆ. ಹಾಗಿರುವಾಗ ಅದೇ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ, ಇಂಡಿಯಾದಲ್ಲಿ ಅಲ್ಪಸಂಖ್ಯಾತರಿಗೆ ಸಲುಗೆ ಜಾಸ್ತಿಯಾಯಿತು ಎಂದು ನಮ್ಮವರೇ ಮಾತಾಡುವುದನ್ನು ಕೇಳಿ ನನಗೆ ನೋವಾಗಿದೆ. ಅಲ್ಲಿ ನಾವು ನೂರಕ್ಕೆ ಒಬ್ಬರೋ ಇಬ್ಬರೋ. ಅಲ್ಲಿ ನಮಗೆ ಬೇಕು ಎಂದು ಕೇಳುವುದನ್ನು ಇಲ್ಲಿ ಇನ್ನೊಬ್ಬರಿಗೆ ಕೊಡಲು ಮನಸ್ಸು ಬರದಿದ್ದರೆ, ನಾವು ಕೇಳಿದ್ದು ಹಕ್ಕನ್ನಲ್ಲ, ಬರೀ ಸೌಕರ್ಯವನ್ನು.

ಜಾತ್ಯತೀತ ಎಂಬ ಪದ ನಮ್ಮ ಜಿಲ್ಲೆಯಲ್ಲಿ ಪಕ್ಷವೊಂದರ ಹೆಸರಾಗಿ ಹೆಚ್ಚು ಬಳಕೆಯಲ್ಲಿದೆ. ಸಂವಿಧಾನದ ಪೀಠಿಕೆಗೆ ‘ಸೆಕ್ಯುಲರ್’ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದು ಸಂವಿಧಾನದ ಮೂಲ ರಚನೆಯ ಭಾಗ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಗಟ್ಟಿಯಾಗಿ ಹೇಳಿದ್ದು ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ. ಇವು ನಿಮ್ಮ ಪಠ್ಯದಲ್ಲಿವೆ. ಪಠ್ಯಕ್ಕಿಂತ ಮೊದಲೇ ಇದ್ದದ್ದು ಬೇಲೂರಿನ ತೇರು. ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣದ ಪದ್ಧತಿ ಬಹಳ ಹಿಂದಿನಿಂದ ಬಂದದ್ದು. 2022ರಲ್ಲಿ ಇದು ಬೇಡ ಎಂಬ ಕೂಗೆದ್ದಿತು. ಆ ವರ್ಷವೂ ಪಠಣ ನಡೆಯಿತು, ತೇರು ಎಳೆದರು. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಸೆಪ್ಟೆಂಬರಿನಲ್ಲಿ ಅವರೇ ದಸರಾ ಉದ್ಘಾಟಿಸುವುದೆಂದಾಗ, ಬೇಡವೆಂದು ಸುಪ್ರೀಂ ಕೋರ್ಟಿನವರೆಗೂ ಹೋದವರಿದ್ದರು. ಅರ್ಜಿ ವಜಾ ಆಯಿತು. 22ನೇ ತಾರೀಕು ಅವರು ಚಾಮುಂಡಿಗೆ ಪುಷ್ಪಾರ್ಚನೆ ಮಾಡಿದರು. ಟಿವಿ ನೋಡುತ್ತಿದ್ದ ನನಗೆ ಬಸ್ ಸ್ಟಾಪಿನ ಆ ಹೆಂಗಸು ನೆನಪಾದರು.

ಈಗ ನಮ್ಮ ಗುಡ್ಡಗಳಿಗೆ ಬರುತ್ತೇನೆ. 2011ರಲ್ಲಿ ನಾನು ಮರಳಿ ಬಂದಾಗ ಲೈನ್ ಮನೆಗಳಲ್ಲಿ ಹಳಬರು ಬಹಳ ಮಂದಿ ಇರಲಿಲ್ಲ. ಅವರ ಮಕ್ಕಳು ಓದಿ ಹಾಸನಕ್ಕೋ ಬೆಂಗಳೂರಿಗೋ ಹೋಗಿದ್ದರು, ಆಗಬೇಕಾದ್ದೇ ಅದು. ಅವರ ಜಾಗಕ್ಕೆ ಕ್ರಮೇಣ ಅಸ್ಸಾಮಿನವರು ಬಂದರು. ಇವತ್ತು ಸಕಲೇಶಪುರ, ಆಲೂರಿನ ಎಷ್ಟೋ ತೋಟಗಳಲ್ಲಿ ಹಣ್ಣು ಕೊಯ್ಯುವವರು, ಮರಗಸಿ ಮಾಡುವವರು ಅವರೇ. ವರ್ಷದ ಬಹುಪಾಲು ಇಲ್ಲಿರುತ್ತಾರೆ, ಮತ ಇರುವುದು ಅಲ್ಲಿ. ನಾನು ಕ್ವೀನ್ಸ್‌ನಲ್ಲಿ ಏನಾಗಿದ್ದೆನೋ ಅವರು ನನ್ನ ತೋಟದಲ್ಲಿ ಅದೇ ಆಗಿದ್ದಾರೆ ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು.

ತಿಳಿದದ್ದು ಆನೆಯಿಂದ. ಆನೆ ಯಾವ ಕಡೆ ಇದೆ ಎಂಬ ಸಂದೇಶ ನಮ್ಮ ಮೊಬೈಲಿಗೆ ಕನ್ನಡದಲ್ಲಿ ಬರುತ್ತದೆ. ನಮ್ಮ ಲೈನ್ ಮನೆಯಲ್ಲಿ ಕನ್ನಡ ಓದಲು ಬರುವವರು ಒಬ್ಬರೂ ಇಲ್ಲ. ಒಂದು ಬೆಳಿಗ್ಗೆ ನಮ್ಮ ಹುಡುಗನೊಬ್ಬ ಕೆಲಸಕ್ಕೆ ಹೊರಟು ಒಂಟಿ ಸಲಗದ ಎದುರಿಗೇ ಹೋಗಿ ಬಿದ್ದ. ಚರಂಡಿಗೆ ಹಾರಿ ಉಳಿದುಕೊಂಡ. ಆ ಸಂದೇಶ ಅರ್ಧ ಗಂಟೆ ಮುಂಚೆಯೇ ನನ್ನ ಫೋನಿನಲ್ಲಿತ್ತು. ಇವರಿಗೂ ತಿಳಿಯುವ ಹಾಗೆ ಮಾಡಿ ಎಂದು ಗ್ರಾಮಸಭೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗ್ರಾಮಸಭೆ ಎಂದರೆ ಕಾನೂನಿನ ಪ್ರಕಾರ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಇರುವವರು. ಪಟ್ಟಿಯಲ್ಲಿ ಇಲ್ಲದವರ ಜೀವ ಯಾರ ಅಜೆಂಡಾದಲ್ಲೂ ಇರುವುದಿಲ್ಲ.

ಹಾಗಾದರೆ ಅವರು ಇಲ್ಲೇ ಹೆಸರು ಸೇರಿಸಬಹುದಲ್ಲ? ಸೇರಿಸಬಹುದು, ಕಾನೂನು ತಡೆಯುವುದಿಲ್ಲ. ಭಯ ತಡೆಯುತ್ತದೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯಿಂದ ಸುಮಾರು 19 ಲಕ್ಷ ಜನ ಹೊರಗುಳಿದರು. ಅಲ್ಲಿ ಒಂದು ಸಲ ಹೆಸರು ತೆಗೆಸಿದರೆ ನಾಳೆ ನೀವು ಯಾರು ಎಂದು ಕೇಳಿದಾಗ ಏನು ತೋರಿಸಲಿ ಎನ್ನುತ್ತಾರೆ. ಕೆಲವು ವರ್ಷದ ಹಿಂದೆ ಬಾಂಗ್ಲಾದವರು ಸೇರಿಕೊಂಡಿದ್ದಾರೆಂಬ ಗಾಳಿಮಾತು ಹಬ್ಬಿ ನಾಲ್ಕು ಜನ ಬೈಕಿನಲ್ಲಿ ನಮ್ಮ ಲೈನಿಗೆ ಬಂದರು. ಪೊಲೀಸರಲ್ಲ, ಯಾರೂ ಅಲ್ಲ. ಆ ಹುಡುಗನೇ ಆಧಾರ್, ವೋಟರ್ ಕಾರ್ಡ್ ಎರಡನ್ನೂ ಹಿಡಿದು ಹೊರಗೆ ಬಂದು, ‘ನಾವು ಬಾಂಗ್ಲಾದೇಶಿ ಅಲ್ಲ ಅಣ್ಣಾ’ ಎಂದ. ನಾನು ಅವತ್ತು ಬಸ್ ಸ್ಟಾಪಿನಲ್ಲಿ ಮಾತಾಡಿದ್ದ ದನಿಯಲ್ಲೇ ಮಾತಾಡಿದ. ಈ ಸಲ ನಾನು ಸುಮ್ಮನಿರಲಿಲ್ಲ. ಕಾರ್ಡನ್ನು ಅವನ ಜೇಬಿಗೇ ವಾಪಸ್ ಇಟ್ಟು, ಬಂದವರಿಗೆ ದಾರಿ ತೋರಿಸಿದೆ.

ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ ಈ ಘಾಟಿ ಬಿಟ್ಟು ಹೋಗುತ್ತೀರಿ. ಹೋಗಿ. ಆದರೆ ಹೋದಲ್ಲೇ ನಿಮ್ಮ ಹೆಸರು ಪಟ್ಟಿಯಲ್ಲಿ ಇರಲಿ. ಬೆಂಗಳೂರಿನ ಪಿ.ಜಿ.ಯಲ್ಲಿದ್ದರೆ ಅಲ್ಲಿಗೇ ವರ್ಗಾಯಿಸಿಕೊಳ್ಳಿ, ನಮೂನೆ 8 ಅದಕ್ಕೇ ಇದೆ. ಹೊಸದಾಗಿ ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ವಿದೇಶಕ್ಕೆ ಹೋದರೂ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ ಹೆಸರು ಉಳಿಸಿಕೊಳ್ಳಬಹುದು, ಮತ ಹಾಕಲು ಮಾತ್ರ ಊರಿಗೇ ಬರಬೇಕು. ದೇಶದೊಳಗೇ ವಲಸೆ ಹೋದವರು ಇದ್ದಲ್ಲಿಂದಲೇ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. ಅನುಮಾನಗಳೆದ್ದವು, ಕೆಲಸ ಅಲ್ಲಿಗೇ ನಿಂತಿತು. ಓದಿದವರು ಪಟ್ಟು ಹಿಡಿದು ಕೇಳಬೇಕಾದ ಸಂಗತಿ ಅದು.

ಒಂದು ಮತದಿಂದ ಏನಾಗುತ್ತದೆ ಎನ್ನಬೇಡಿ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಸೋತವರ ಕಾರಿನ ಡ್ರೈವರಿಗೇ ಅವತ್ತು ಮತ ಹಾಕಲು ಬಿಡುವಾಗಲಿಲ್ಲ ಎಂದು ಜನ ಇವತ್ತಿಗೂ ಹೇಳುತ್ತಾರೆ. ನಮ್ಮದೇ ಸಕಲೇಶಪುರ ಕ್ಷೇತ್ರದಲ್ಲಿ 2023ರ ಅಂತರ 2,000ಕ್ಕಿಂತ ಸ್ವಲ್ಪವೇ ಹೆಚ್ಚು. ಈ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅದಕ್ಕೆ ಗೊಣಗುವ ಬೆಳೆಗಾರರನ್ನು ನಾನು ಬಲ್ಲೆ. ಟ್ರೈಲರಿನಲ್ಲಿ ಕೂತು ಬಂದವರ ಮನೆಯಿಂದಲೇ ಶಾಸಕರಾಗಲು ನಿಲ್ಲಬಹುದಾದ ಕಾಲ ಬಂದದ್ದು ಒಳ್ಳೆಯದೇ ಆಯಿತು ಎಂದು ನಾನು ಅವರ ಮುಂದೆಯೂ ಹೇಳಿದ್ದೇನೆ.

2024ರ ಏಪ್ರಿಲ್ 26ರಂದು ನಾನು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದೆ. ಅಸ್ಸಾಮಿನ ಆ ಹುಡುಗ ಅಷ್ಟರಲ್ಲಿ ಮೂರು ದಿನದ ರೈಲು ಹಿಡಿದು ಊರಿಗೆ ಹೋಗಿದ್ದ. ಅವನ ಕಡೆ ಮತದಾನ ಮೇ 7ಕ್ಕೆ. ತಿಂಗಳ ಕೊನೆಗೆ ಮರಗಸಿ ಕೆಲಸಕ್ಕೆ ತಿರುಗಿ ಬಂದವನು ಕಣದಲ್ಲಿ ನನ್ನನ್ನು ಕಂಡವನೇ ಎಡಗೈ ತೋರುಬೆರಳು ಎತ್ತಿ ತೋರಿಸಿದ. ನಾನೂ ನನ್ನದನ್ನು ತೋರಿಸಿದೆ. ನನ್ನ ಗೆರೆ ಉಗುರಿನ ಜೊತೆ ಬೆಳೆದು ಸ್ವಲ್ಪ ಮೇಲೆ ಹೋಗಿತ್ತು, ಅವನದು ಇನ್ನೂ ಬುಡದಲ್ಲೇ ಇತ್ತು.

ಈ ಶಾಯಿ ಮಾಡುವುದು ಮೈಸೂರಿನಲ್ಲಿ, 1962ರಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತದೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಮೈಸೂರು ಇಲ್ಲಿಂದ ಎಷ್ಟು ದೂರ ಎಂದು ಕೇಳಿದ. ಬಸ್ಸಿನಲ್ಲಿ ನಾಲ್ಕು ಗಂಟೆ ಎಂದೆ. ಅವನು ಬೆರಳನ್ನು ಇನ್ನೊಮ್ಮೆ ನೋಡಿಕೊಂಡು, ಕತ್ತಿ ಎತ್ತಿಕೊಂಡು ಕೆಲಸಕ್ಕೆ ಹೋದ.