ಚಂದ್ರನ ನೆಲದಲ್ಲಿ ಒಂದು ವೀರಗಲ್ಲು



ಬಾದಾಮಿ, ಐಹೊಳೆ, ಹುನಗುಂದದ ಸೀಮೆಯಲ್ಲಿ ವೀರಗಲ್ಲು ಕಾಣದವರು ಅಪರೂಪ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಅದರ ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯ-ಚಂದ್ರರು.

ಅಂಥದೇ ಒಂದು ಸ್ಮಾರಕ ಚಂದ್ರನ ಮೇಲೂ ಇದೆ. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ನಾಯಕ ಡೇವಿಡ್ ಸ್ಕಾಟ್, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಅಲ್ಯೂಮಿನಿಯಂ ಮೂರ್ತಿಯೊಂದನ್ನು ಅಲ್ಲಿನ ದೂಳಿನಲ್ಲಿ ಮಲಗಿಸಿ, ಪಕ್ಕದಲ್ಲೇ 14 ಹೆಸರುಗಳ ಫಲಕವನ್ನಿಟ್ಟರು. ಎಲ್ಲರೂ ಆಗಲೇ ಅಗಲಿದ್ದ ಗಗನಯಾತ್ರಿಗಳು. ಅಮೆರಿಕ, ಸೋವಿಯತ್ ಒಕ್ಕೂಟಗಳು ಹಗೆ ಸಾಧಿಸುತ್ತಿದ್ದ ಕಾಲವದು. ಆದರೂ ಸೋವಿಯತ್ತಿನ ಯೂರಿ ಗಗಾರಿನ್ ಮತ್ತು ಅಮೆರಿಕದ ಗಸ್ ಗ್ರಿಸಂ ಒಂದೇ ಫಲಕದಲ್ಲಿದ್ದಾರೆ. ಸತ್ತವರ ಮುಂದೆ ಹಗೆತನ ಸಲ್ಲದು ಎಂಬ ಅರಿವು ಅದರಲ್ಲಿದೆ.

ಆದರೆ 1961ರಲ್ಲಿ ತರಬೇತಿಯ ವೇಳೆ ಬೆಂಕಿಗೆ ಸಿಕ್ಕು ತೀರಿಕೊಂಡ ಸೋವಿಯತ್ ಗಗನಯಾತ್ರಿ ವ್ಯಾಲೆಂಟಿನ್ ಬೊಂಡರೆಂಕೊ ಹೆಸರು ಅಲ್ಲಿಲ್ಲ. ಅವರ ಸಾವನ್ನು ಸ್ವಂತ ದೇಶವೇ ಗುಟ್ಟಾಗಿಟ್ಟಿತ್ತು. ಮುಚ್ಚಿಟ್ಟ ತ್ಯಾಗಕ್ಕೆ ಗೌರವ ಸಲ್ಲುವುದಾದರೂ ಹೇಗೆ?

ನಮ್ಮ ಹಿರಿಯರು ಊರ ದನ ಕಾಯುತ್ತ ಮಡಿದವನಿಗೂ ಕಲ್ಲು ನಿಲ್ಲಿಸಿದರು. ಅಗಸಿಯ ಬಳಿ, ಹೊಲದ ಬದುವಿನಲ್ಲಿ ಅಂಥ ಕಲ್ಲಿದ್ದರೆ ಸುತ್ತಲಿನ ಕಸ ತೆಗೆಯಿರಿ, ಮಕ್ಕಳನ್ನು ಕರೆದೊಯ್ದು ತೋರಿಸಿ. ನಮಗಾಗಿ ಜೀವ ಕೊಟ್ಟವರ ಋಣ ತೀರಿಸಲಾಗದು. ನೆನೆಯುವುದಂತೂ ನಮ್ಮ ಕೈಯಲ್ಲೇ ಇದೆ.