ಬಾಡಿಗೆ ಮನೆ, ಹದಿನಾಲ್ಕು ದಿನ



ಬೆಂಗಳೂರಿನ ಟಿನ್ ಫ್ಯಾಕ್ಟರಿ ದಾಟಿ ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದ ದಿಕ್ಕಿಗೆ ಹೊರಟರೆ ಬಲಗಡೆಗೆ ರಾಮಮೂರ್ತಿ ನಗರ. ಕಾಲೇಜು ಶುರುವಾಗುವ ಜುಲೈ, ಆಗಸ್ಟ್ ತಿಂಗಳಲ್ಲಿ ಇಲ್ಲಿನ ಅಡ್ಡರಸ್ತೆಗಳಲ್ಲಿ ಓಡಾಡುವವರಿಗೆ ಒಂದು ನೋಟ ಚೆನ್ನಾಗಿ ಗೊತ್ತು. ಗೇಟಿಗೆ ಕಟ್ಟಿದ ‘ಟು-ಲೆಟ್’ ಬೋರ್ಡು, ಅದರ ಮುಂದೆ ಫೋನಿನಲ್ಲಿ ಮಾತಾಡುತ್ತಿರುವ ಬ್ರೋಕರ್, ಪಕ್ಕದಲ್ಲಿ ಎರಡು ದೊಡ್ಡ ಸೂಟ್‌ಕೇಸು ಇಟ್ಟುಕೊಂಡು ನಿಂತ ಒಬ್ಬ ಹುಡುಗ ಅಥವಾ ಹುಡುಗಿ. ಅವರ ಊರು ಕಾಂಗೋದ ಕಿನ್ಶಾಸಾ ಇರಬಹುದು, ಉಗಾಂಡದ ಕಂಪಾಲಾ ಇರಬಹುದು, ಸೂಡಾನಿನದೋ ಯೆಮೆನಿನದೋ ಒಂದು ಪಟ್ಟಣ ಇರಬಹುದು.

ವಿದೇಶದಲ್ಲಿ ಓದು ಎಂದಾಗ ಕನ್ನಡದ ಮನೆಗಳಿಗೆ ನೆನಪಾಗುವುದು ಇಲ್ಲಿಂದ ಹೊರಟ ಮಕ್ಕಳು: ಅಮೆರಿಕ, ಜರ್ಮನಿ, ಆಸ್ಟ್ರೇಲಿಯ. ಆದರೆ ಬೆಂಗಳೂರೂ ಇನ್ಯಾರಿಗೋ ವಿದೇಶವೇ. 2019–20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 49,348. ಅವರು ಬಂದದ್ದು 168 ದೇಶಗಳಿಂದ. ಎಲ್ಲ ರಾಜ್ಯಗಳಿಗಿಂತ ಹೆಚ್ಚು ಜನ ಇದ್ದದ್ದು ಕರ್ನಾಟಕದಲ್ಲಿ, 10,231. ನಗರದ ಪೂರ್ವ ಭಾಗದಲ್ಲಿ ಅವರು ನೆಲೆಸಲು ಕಾರಣ ಸರಳ. ಹಳೇ ಮದರಾಸು ರಸ್ತೆಯ ವಿರ್ಗೋನಗರದ ಕಡೆ ಗಾರ್ಡನ್ ಸಿಟಿ ವಿಶ್ವವಿದ್ಯಾಲಯ, ಈಸ್ಟ್ ಪಾಯಿಂಟ್ ಕಾಲೇಜು. ಉತ್ತರಕ್ಕೆ ಕೊತ್ತನೂರಿನಲ್ಲಿ ಕ್ರಿಸ್ತು ಜಯಂತಿ. ಈ ಕಾಲೇಜುಗಳ ನಡುವೆ ಹರಡಿಕೊಂಡಿವೆ ರಾಮಮೂರ್ತಿ ನಗರ, ಹೊರಮಾವು, ಕಲ್ಕೆರೆ, ಬಾಣಸವಾಡಿ. ಕೆಳಗೆ ಓನರ್ ಮನೆ, ಮೇಲೆ ಬಾಡಿಗೆ ಮನೆ ಇರುವ ಕಟ್ಟಡಗಳು ಇಲ್ಲಿ ಬೀದಿಗಟ್ಟಲೆ ಇವೆ.

ಹೀಗೆ ಬಂದವರ ಮೊದಲ ವಾರಗಳು ಹೇಗಿರುತ್ತವೆ? ತರಗತಿಯಲ್ಲಿ ಏನು ಪಾಠವಾಯಿತು ಎನ್ನುವುದಕ್ಕಿಂತ, ತಲೆಯ ಮೇಲೊಂದು ಸೂರು ಎಷ್ಟು ಬೇಗ ಸಿಕ್ಕಿತು, ಆ ಸೂರಿನ ಒಡೆಯರು ಒಂದು ಕಾಗದ ಮಾಡಿಕೊಟ್ಟರೇ ಇಲ್ಲವೇ ಎನ್ನುವುದೇ ಅವನ್ನು ನಿರ್ಧರಿಸುತ್ತದೆ. ಯಾಕೆ ಎಂದು ನೋಡೋಣ.

ಕಂಪಾಲಾದಿಂದ ಬಿ.ಕಾಂ. ಓದಲು ಬರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ದಿನದಿಂದಲೇ ಅವಳ ಗಡುವು ಎಣಿಕೆಗೆ ಬರುತ್ತದೆ. 180 ದಿನಕ್ಕಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಇರುವವರು, ಬಂದ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ಅಂದರೆ ಎಲ್ಲರೂ ಹೇಳುವಂತೆ ಎಫ್‌ಆರ್‌ಆರ್‌ಒದಲ್ಲಿ, ಹೆಸರು ನೋಂದಾಯಿಸಬೇಕು. ಬೆಂಗಳೂರಿನ ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ. ಮೊದಲೆಲ್ಲ ಅಲ್ಲಿಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ ಬಹುಪಾಲು ಕೆಲಸ ಆನ್‌ಲೈನಿನಲ್ಲೇ ಮುಗಿಯುತ್ತದೆ. ಕರೆದರೆ ಮಾತ್ರ ಹೋಗಬೇಕು.

ಅರ್ಜಿಗೆ ಫೋಟೊ, ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಬೋನಫೈಡ್ ಪತ್ರ ಬೇಕು. ಇವೆಲ್ಲ ಅವಳ ಕೈಯಲ್ಲಿ ಇರುತ್ತವೆ ಅಥವಾ ಕಾಲೇಜು ಕೊಡುತ್ತದೆ. ಕೈಯಲ್ಲಿ ಇಲ್ಲದ್ದು ಒಂದೇ: ವಿಳಾಸದ ಪುರಾವೆ. ಅದಕ್ಕೆ ಬಾಡಿಗೆ ಕರಾರು ಪತ್ರ ಬೇಕು. ಅದರ ಜೊತೆಗೆ, ವಿದೇಶಿಯೊಬ್ಬರು ಮನೆಗೆ ಬಂದ 24 ಗಂಟೆಯೊಳಗೆ ಮನೆ ಓನರ್ ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿಯೂ ಇದೆ. ಓನರ್‌ಗಳು, ಬ್ರೋಕರ್‌ಗಳು ಇದನ್ನು ‘ಸಿ-ಫಾರ್ಮ್’ ಎಂದೇ ಕರೆಯುತ್ತಾ ಬಂದಿದ್ದಾರೆ. ಹೋಟೆಲಿಗೂ ಹಾಸ್ಟೆಲಿಗೂ ಇದೇ ನಿಯಮ. 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆಗಳ ಜಾಗಕ್ಕೆ 2025ರ ಸೆಪ್ಟೆಂಬರಿನಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಆದರೂ ಓನರ್ ಮೇಲಿನ ಈ ಹೊಣೆ ಹಾಗೆಯೇ ಉಳಿದಿದೆ.

ಗಂಟು ಬೀಳುವುದು ಇಲ್ಲೇ. ಸಿ-ಫಾರ್ಮ್ ಎಂದರೆ ಪೊಲೀಸ್ ವ್ಯವಹಾರ, ನಾಳೆ ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆ ಎಂದು ಎಷ್ಟೋ ಓನರ್‌ಗಳು ಹೆದರುತ್ತಾರೆ. ಕೆಲವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಇನ್ನು ಕೆಲವರು ಬಾಡಿಗೆಗೆ ಒಪ್ಪುತ್ತಾರೆ, ಕಾಗದಕ್ಕೆ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ, ಆ ಮಾಹಿತಿ ತುಂಬುವುದೇ ಓನರ್‌ಗೆ ರಕ್ಷಣೆ. ತುಂಬದಿದ್ದರೆ ಕಾನೂನು ಮೀರಿದಂತಾಗುವುದು ಅವರೇ. ಆದರೆ ಇದನ್ನು ವಿವರಿಸಿ ಹೇಳಬೇಕಾದವಳು ನಿನ್ನೆ ಮೊನ್ನೆ ವಿಮಾನದಿಂದ ಇಳಿದ, ಇಲ್ಲಿನ ಭಾಷೆ ಬಾರದ ಹುಡುಗಿ.

ಕಾಗದದ ಜೊತೆಗೆ ದುಡ್ಡಿನ ಲೆಕ್ಕವಿದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ವಾಡಿಕೆ ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. ಈಗ ಹಲವೆಡೆ ಅದು ಇಳಿದಿದ್ದರೂ, ದೂರದ ದೇಶದ ತಂದೆತಾಯಿಗೆ ಅದನ್ನು ಅರ್ಥಮಾಡಿಸುವುದು ಕಷ್ಟ. ಆ ಹಣ ಬರಲು ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಲು ಮತ್ತೆ ವಿಳಾಸ ಬೇಕು. ಈ ತೊಡಕು ಗೊತ್ತಿದ್ದೇ ರಿಸರ್ವ್ ಬ್ಯಾಂಕ್ ಒಂದು ದಾರಿ ಮಾಡಿದೆ. ವಿದೇಶಿ ವಿದ್ಯಾರ್ಥಿ ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಪ್ರವೇಶಪತ್ರ ತೋರಿಸಿ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆ ತೆರೆಯಬಹುದು. ಸ್ಥಳೀಯ ವಿಳಾಸದ ಪುರಾವೆಯನ್ನು 30 ದಿನಗಳೊಳಗೆ ಕೊಟ್ಟರಾಯಿತು. ಅಲ್ಲಿಯವರೆಗೆ ಖಾತೆಗೆ ಹೊರದೇಶದಿಂದ 1,000 ಡಾಲರಿಗಿಂತ ಹೆಚ್ಚು ತರಿಸುವಂತಿಲ್ಲ, ಹಣ ತೆಗೆಯಲು 50,000 ರೂಪಾಯಿಯ ಮಿತಿ. ಬಾಡಿಗೆ ಕಾಗದವನ್ನು ಪರಿಶೀಲಿಸಲು ಓನರ್ ಖುದ್ದಾಗಿ ಬ್ಯಾಂಕಿಗೆ ಬರಲೇಬೇಕೆಂದು ಶಾಖೆಗಳು ಒತ್ತಾಯಿಸಬಾರದು ಎಂಬ ಮಾತೂ ಅದೇ ನಿಯಮದಲ್ಲಿದೆ. ಇದು ಗೊತ್ತಿರುವ ವಿದ್ಯಾರ್ಥಿ ಕೌಂಟರಿನಿಂದ ಸುಮ್ಮನೆ ವಾಪಸು ಬರುವುದಿಲ್ಲ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಬ್ರಿಟನ್ನಿಗೆ ಪದವಿ ಓದಲು ಹೋದವರು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆಸ್ಟ್ರೇಲಿಯದಲ್ಲಿ ಎರಡು ವಾರಕ್ಕೆ 48 ಗಂಟೆ. ಭಾರತದ ವಿದ್ಯಾರ್ಥಿ ವೀಸಾದಲ್ಲಿ ಹಾಗೆ ಅರೆಕಾಲಿಕ ಕೆಲಸಕ್ಕೆ ಅವಕಾಶವಿಲ್ಲ. ಬೆಂಗಳೂರಿಗೆ ಬಂದವರು ಪೂರ್ತಿ ಮನೆಯಿಂದ ಬರುವ ಹಣದ ಮೇಲೆ ಅಥವಾ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ ಕೊಡುವಂಥ ವಿದ್ಯಾರ್ಥಿವೇತನದ ಮೇಲೆ ನಿಲ್ಲಬೇಕು. ಅಡ್ವಾನ್ಸಿನಲ್ಲಿ ಸಿಕ್ಕಿಕೊಂಡ ಒಂದೊಂದು ಸಾವಿರವೂ ಅವರ ಊಟದ ತಟ್ಟೆಯಿಂದ ಹೋದದ್ದು.

ಸೂರು ಸಿಕ್ಕಿತು ಎನ್ನಿ. ಆಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಪಾಠಗಳು ಶುರು. ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪಿನಿಂದ ಟ್ಯಾಂಕಿಗೆ ಮೋಟರ್ ಹಾಕುವವರು ಯಾರು, ಕುಡಿಯುವ ನೀರಿನ ಕ್ಯಾನ್ ಎಲ್ಲಿ ಸಿಗುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ. ಬೆರೆಸಿ ಕೊಟ್ಟರೆ ಕಸದ ಗಾಡಿಯವರು ತೆಗೆದುಕೊಳ್ಳುವುದಿಲ್ಲ. ಅಡುಗೆ ಅನಿಲದ ಸಂಪರ್ಕಕ್ಕೂ ವಿಳಾಸ ಬೇಕು. ಆದರೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗುರುತಿನ ದಾಖಲೆ ಒಂದಿದ್ದರೆ ಸಿಗುತ್ತದೆ, ವಿಳಾಸದ ಪುರಾವೆ ಕೇಳುವುದಿಲ್ಲ. ಇಂಥ ಮಾಹಿತಿ ಮೊದಲ ವಾರ ಕೈಗೆ ಸಿಗುವುದು ಒಂದು ವರ್ಷ ಮೊದಲೇ ಬಂದ ತಮ್ಮ ದೇಶದ ಹಿರಿಯ ವಿದ್ಯಾರ್ಥಿಗಳಿಂದ.

ಅಡುಗೆಯ ವಿಷಯದಲ್ಲಿ ಮಾತ್ರ ಈ ನೆಲ ಆಫ್ರಿಕದವರಿಗೆ ತೀರಾ ಹೊಸದಲ್ಲ. ಕರ್ನಾಟಕದ ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು; ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂತು. ಪಶ್ಚಿಮ ಉಗಾಂಡದಲ್ಲಿ ಈಗಲೂ ರಾಗಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮುದ್ದೆ ಮಾಡುತ್ತಾರೆ. ಬಹಳ ಸಲ ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ಅದರ ಹೆಸರು ‘ಕಾಲೊ’. ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ತಿನ್ನುವ ಕ್ರಮವೂ ಹೆಚ್ಚು ಕಡಿಮೆ ಒಂದೇ. ಕೆ.ಆರ್. ಪುರದ ಮಿಲಿಟರಿ ಹೋಟೆಲಿನ ಮುದ್ದೆ ಊಟದ ಮುಂದೆ ಕೂತ ಉಗಾಂಡದ ಹುಡುಗಿಗೆ ಹೇಗೆ ತಿನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷೆಯ ಕಥೆ ಬೇರೆ. ಕಾಂಗೋದವರ ಶಾಲೆಯ ಪಾಠ ಫ್ರೆಂಚಿನಲ್ಲಿ ಆಗಿರುತ್ತದೆ, ಸೂಡಾನ್ ಮತ್ತು ಯೆಮೆನಿನವರದು ಅರಬ್ಬಿಯಲ್ಲಿ. ಇಲ್ಲಿನ ತರಗತಿ ಇಂಗ್ಲಿಷಿನಲ್ಲಿ, ಬೀದಿ ಕನ್ನಡ, ತೆಲುಗು, ತಮಿಳಿನಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡ ಬಾರದವರಿಗಾಗಿಯೇ ‘ಬಳಕೆ ಕನ್ನಡ’ ಎಂಬ ಪಠ್ಯವಿದೆ. ಆದರೆ ಆ ಪಾಠ ಶುರುವಾಗುವ ಮೊದಲೇ ಅಂಗಡಿಯವರನ್ನು ‘ಅಣ್ಣ’ ಎಂದೂ ಓನರ್ ಮನೆಯವರನ್ನು ‘ಆಂಟಿ’ ಎಂದೂ ಕರೆಯಲು ಇವರು ಕಲಿತಿರುತ್ತಾರೆ. ‘ಎಷ್ಟಣ್ಣ?’ ಎಂದು ಕೇಳಿದ ಮೇಲೆ ಆಟೊ ಸ್ಟ್ಯಾಂಡಿನಲ್ಲಿ ಎದುರಿನವರ ಮುಖಭಾವವೇ ಬದಲಾಗುತ್ತದೆ.

ಹೊಸ ದೇಶಕ್ಕೆ ಹೊಂದಿಕೊಳ್ಳುವ ಈ ಅವಧಿಯನ್ನು ಸಮಾಜ ವಿಜ್ಞಾನಿಗಳು ಬಹಳ ಕಾಲದಿಂದ ಅಧ್ಯಯನ ಮಾಡುತ್ತಿದ್ದಾರೆ. ನಾರ್ವೆಯ ಸ್ವೆರ್ರೆ ಲೂಸ್‌ಗಾರ್ಡ್ 1955ರಲ್ಲಿ, ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದ 200 ಮಂದಿ ನಾರ್ವೆಯವರನ್ನು ಮಾತಾಡಿಸಿ ಒಂದು ನಿರ್ಣಯಕ್ಕೆ ಬಂದರು: ಮೊದಮೊದಲು ಹಿಗ್ಗು, ಕೆಲವು ತಿಂಗಳ ಮೇಲೆ ಕುಗ್ಗು, ಆಮೇಲೆ ಚೇತರಿಕೆ. ಈ ಲೆಕ್ಕ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿಯಿತು. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಬಂದ ಜಪಾನೀ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಹಿಂಬಾಲಿಸಿ ಕೇಳಿದಾಗ ಕಂಡದ್ದು ಬೇರೆ. ಅವರಿಗೆ ಅತಿ ಕಷ್ಟದ ಕಾಲ ಆರಂಭವೇ ಆಗಿತ್ತು. ದಿನ ಕಳೆದಂತೆ ಹಗುರವಾಯಿತು. ಸರ್ಕಾರದ ಏರ್ಪಾಟಿನಲ್ಲಿ ಹೋದವರಿಗೆ ಮೊದಲ ದಿನಗಳು ಸಂಭ್ರಮವಾಗಿದ್ದಿರಬಹುದು. ಟು-ಲೆಟ್ ಬೋರ್ಡುಗಳ ಮುಂದೆ ನಿಂತವರ ಅನುಭವಕ್ಕೆ ಹತ್ತಿರವಾದದ್ದು ಎರಡನೆಯ ಅಧ್ಯಯನ.

ಆರಂಭದ ದಿನಗಳು ಕಷ್ಟವಾಗುವುದರಲ್ಲಿ ಎದುರಿನವರ ಪಾತ್ರವೂ ಇದೆ. 2016ರ ಜನವರಿ 31ರ ರಾತ್ರಿಯನ್ನು ಬೆಂಗಳೂರು ಮರೆಯಬಾರದು. ಹೆಸರಘಟ್ಟ ರಸ್ತೆಯಲ್ಲಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ತೀರಿಕೊಂಡರು. ಅದಕ್ಕೆ ಯಾವ ಸಂಬಂಧವೂ ಇಲ್ಲದೆ, ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಚರ್ಮದ ಬಣ್ಣವೊಂದೇ ಅವಳ ತಪ್ಪಾಯಿತು. ಅಂದಿನಿಂದ ಎಷ್ಟೋ ದೂರದ ಮನೆಗಳಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕಳಿಸುವ ತಾಯಂದಿರು ಮೊದಲು ಕೇಳುವ ಪ್ರಶ್ನೆ ಫೀಸಿನದಲ್ಲ, ಸುರಕ್ಷತೆಯದು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಇಲ್ಲಿನ ತಾಯಂದಿರೂ ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಇಲ್ಲಿಂದ ಹಾಗೆ ಓದಲು ಹೋಗುವುದು ಹೊಸದೇನಲ್ಲ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ 1947ರಲ್ಲಿ, ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, ಸೈನಿಕರನ್ನು ಸಾಗಿಸಲು ಬಳಸಿದ್ದ ಹಡಗೊಂದರಲ್ಲಿ ಅಮೆರಿಕಕ್ಕೆ ಹೊರಟರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ್ದ ಅವರು ಮಿಷಿಗನ್ ವಿಶ್ವವಿದ್ಯಾಲಯ ಸೇರಲು 30 ದಿನ ಕಡಲಿನಲ್ಲೇ ಕಳೆದರು. 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಈಗಿನವರಿಗೆ ಆ ಒಂದು ತಿಂಗಳ ಬಿಡುವಿಲ್ಲ. ರಾಮಮೂರ್ತಿ ನಗರದಿಂದ ಹೊರಟು ಮರುದಿನ ಬರ್ಲಿನ್ನಿನಲ್ಲಿ ಇಳಿದ ಹುಡುಗನಿಗೂ ಕಾದಿರುವುದು ಗಡುವೇ. ಜರ್ಮನಿಯ ಕಾನೂನಿನಂತೆ ಹೊಸ ಮನೆ ಸೇರಿದ ಎರಡು ವಾರಗಳೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. 2015ರ ನವೆಂಬರಿನಿಂದ ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ದೃಢೀಕರಣವೂ ಕಡ್ಡಾಯ. ಕಂಪಾಲಾದ ಹುಡುಗಿ ಇಲ್ಲಿ ಕೇಳುತ್ತಿರುವ ಕಾಗದವನ್ನೇ ರಾಮಮೂರ್ತಿ ನಗರದ ಹುಡುಗ ಅಲ್ಲಿ ಕೇಳುತ್ತಿರುತ್ತಾನೆ.

ಹೊರಗೆ ಹೋದ ಕನ್ನಡಿಗರು ಇದಕ್ಕೆ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡಿದ್ದಾರೆ. ಬ್ರಿಟನ್ನಿನ ಕನ್ನಡ ಬಳಗ ಶುರುವಾದದ್ದು 1983ರಲ್ಲಿ. ಕ್ಯಾಲಿಫೋರ್ನಿಯದ ಕನ್ನಡ ಕೂಟ ಅದಕ್ಕೂ ಹಳೆಯದು. ಇಲ್ಲಿಗೆ ಬರುವ ಮಕ್ಕಳಿಗೂ ಅಂಥ ಆಸರೆ ಬೇಕು. ಅದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಕಾಲೇಜಿನವರು ಬೋನಫೈಡ್ ಪತ್ರವನ್ನು ಪ್ರವೇಶದ ದಿನವೇ ಕೊಡಬಹುದು. ಬಡಾವಣೆಯ ನಿವಾಸಿಗಳ ಸಂಘಗಳು ಜೂನ್ ತಿಂಗಳ ಸಭೆಯಲ್ಲಿ ಓನರ್‌ಗಳಿಗೆ ಸಿ-ಫಾರ್ಮ್ ತುಂಬುವುದನ್ನು ತೋರಿಸಬಹುದು. ಒಮ್ಮೆ ಕಲಿತರೆ ಮುಂದೆ ಯಾವ ದೇಶದ ಬಾಡಿಗೆದಾರರು ಬಂದರೂ ಅದೇ ಕ್ರಮ. ಮನೆ ಕೊಡುವವರು ಬಾಡಿಗೆ, ಅಡ್ವಾನ್ಸ್, ಮನೆ ಬಿಡುವಾಗ ಪೇಂಟಿಂಗಿಗೆ ಹಿಡಿಯುವ ಹಣ, ಇವಿಷ್ಟನ್ನೂ ಕರಾರಿನಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ವಿದ್ಯಾರ್ಥಿಯ ಕೈಗೆ ಕೊಡಬಹುದು. ಇಷ್ಟಾದರೆ 14 ದಿನಗಳ ಗಡುವಿನಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಅವರ ಓದಿಗೇ ಉಳಿಯುತ್ತದೆ. ಮುಂದಿನ ಜುಲೈನಲ್ಲಿ ಬರುವವರಿಗಾಗಿ ಈ ಕೆಲಸಗಳನ್ನು ಈಗಲೇ ಶುರುಮಾಡಬಹುದು.